ಊಟಕ್ಕೆ ಕರೆದಿದ್ದ ಭಾನುವಾರ

"ನಿಲ್ಲಿಸ್ರೀ... ಯಾರು ನೀವು?"

ಗೇಟು ತೆಗೆದ ಮಂಜುಳಾ ಅಲ್ಲೇ ನಿಂತುಬಿಟ್ಟಳು. ಮನೆ ಮುಂದಿನ ಹುಲ್ಲುಹಾಸನ್ನು ಯಾರೋ ಅಪರಿಚಿತ ಗುದ್ದಲಿಯಿಂದ ಅಗೆದು ಹಾಕಿದ್ದ. ಅರ್ಧ ಅಂಗಳ ಬರೀ ಮಣ್ಣಾಗಿತ್ತು!

"ಧರ್ಮೇಶ್ ಅಂತ ಮೇಡಂ. ಹಾರನಹಳ್ಳೀಲಿ ನರ್ಸರಿ ಐತೆ. ನಿಮ್ಮ ತಂದೆಯವ್ರು ಬರೋಕೆ ಹೇಳಿದ್ರು."

"ದಿನಾ ಬೆಳಗ್ಗೆ ಎದ್ದು ನೀರು ಹಾಕೋಳು ನಾನು. ಉಳಿದಿದ್ದನ್ನೂ ಕಿತ್ತು ಹಾಕಿದ್ರಲ್ಲ!"

ಅವನು ಬಗ್ಗಿ ಒಂದು ಹಿಡಿ ಮಣ್ಣೆತ್ತಿ ತೋರಿಸಿದ. ಅದರಲ್ಲಿ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ತುಕ್ಕು ಹಿಡಿದ ಒಂದು ಮೊಳೆ.

"ಮನೆ ಕಟ್ಟಿದವ್ರು ಮಿಕ್ಕಿದ್ದನ್ನೆಲ್ಲ ಇಲ್ಲೇ ಮುಚ್ಚವ್ರೆ. ಇದರ ಮೇಲೆ ಹುಲ್ಲು ಎರಡು ವರ್ಷ ಬದುಕಿದ್ದೇ ಹೆಚ್ಚು ಮೇಡಂ."

ಮಂಜುಳಾ ಒಳಗೆ ಹೋದಳು. ಅಷ್ಟು ಕೂಗಾಡಿದರೂ ಅವನ ದನಿ ಏರಲಿಲ್ಲವಲ್ಲ... ಅದೇ ಅವಳಿಗೆ ಚುಚ್ಚಿತು.

ಅರಸೀಕೆರೆಯ ಹೊಸ ಬಡಾವಣೆಯಲ್ಲಿ ಅವಳು ಕಟ್ಟಿಸಿದ ಮನೆ ಅದು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ, ವಯಸ್ಸು ಮೂವತ್ತಮೂರು. ತಾಯಿ ಇಲ್ಲ. ತಂದೆ ಗಿಡ್ಡಯ್ಯ ಬಿಕ್ಕೋಡಿನ ಕಡೆ ಎಸ್ಟೇಟ್ ಬಂಗಲೆಯೊಂದರಲ್ಲಿ ಮೂವತ್ತು ವರ್ಷ ಹುಲ್ಲು ಕತ್ತರಿಸಿದವರು. ತಮ್ಮದೇ ಮನೆ ಮುಂದೆ ಒಂದಿಷ್ಟು ಹುಲ್ಲು ಬೆಳೆಸಬೇಕೆಂಬುದು ಅವರ ಆಸೆ. ಆದರೆ ಈಗ ಮಂಡಿ ಬಗ್ಗುತ್ತಿರಲಿಲ್ಲ.

ಧರ್ಮೇಶ್ ಎರಡು ಭಾನುವಾರ ಅಗೆದು ಕಲ್ಲೆಲ್ಲ ಆರಿಸಿದ. ಕೆಮ್ಮಣ್ಣು, ಮರಳು, ಹಳೇ ಸಗಣಿ ಗೊಬ್ಬರ ಬೆರೆಸಿ ಹರಡಿದ. ಮೇ ತಿಂಗಳ ಮೊದಲ ಮಳೆ ಬಿದ್ದ ಮೇಲೆ ಹುಲ್ಲಿನ ಬೇರು ತಂದು ನೆಟ್ಟ.

"ಈಗ ಒಂದು ತಿಂಗಳು ಯಾರೂ ತುಳೀಬೇಡಿ. ಮೊದಲು ಬೇರು ಹಿಡ್ಕೊಳ್ಲಿ."

ಆಗಸ್ಟಿನ ಜಡಿಮಳೆಯಲ್ಲಿ ಹುಲ್ಲಿನ ನಡುವೆ ಜೇಕು ಎದ್ದಿತು. ಮಳೆ ಬಿಟ್ಟ ಒಂದು ಭಾನುವಾರ ಧರ್ಮೇಶ್ ಕಳೆ ತೆಗೆಯುತ್ತಿದ್ದಾಗ ಮಂಜುಳಾ ಸೀರೆ ಸೆರಗು ಸಿಕ್ಕಿಸಿ ತಾನೂ ಕಳೆ ಕೀಳಲು ಕುಳಿತಳು.

"ಎಳೀಬೇಡಿ ಮೇಡಂ. ಗೆಡ್ಡೆ ಒಳಗೇ ಉಳ್ಕೊಂಡ್ರೆ ಮತ್ತೆ ಬರ್ತದೆ." ಅವನು ಸಣ್ಣ ಚೂಪು ಸಲಾಕೆಯಿಂದ ಮಣ್ಣು ಸಡಿಲಿಸಿ, ಬೇರು ಸಮೇತ ಎತ್ತಿ ಅವಳ ಅಂಗೈ ಮೇಲಿಟ್ಟ.

ಇಬ್ಬರ ಬೆರಳೂ ಮಣ್ಣಾಗಿದ್ದವು. ಮಂಜುಳಾ ಕೈ ಹಿಂದಕ್ಕೆಳೆಯುವುದನ್ನು ಮರೆತಳು.

ಅಂದಿನಿಂದ ವಾರವೆಲ್ಲ ಅವಳು ಅವನು ಬರುವ ಭಾನುವಾರಕ್ಕೆ ಕಾಯತೊಡಗಿದಳು. 'ಇದೇನಾಯ್ತು ನನಗೆ...' ಎಂದು ಫೈಲು ತೆರೆದಿಟ್ಟುಕೊಂಡೇ ಕೇಳಿಕೊಳ್ಳುತ್ತಿದ್ದಳು.

ದೀಪಾವಳಿ ಕಳೆಯುವಷ್ಟರಲ್ಲಿ ಅಂಗಳ ಹಸಿರಾಯಿತು. ಡಿಸೆಂಬರಿನ ಒಂದು ಭಾನುವಾರ ಕಚೇರಿಯವರನ್ನು ಊಟಕ್ಕೆ ಕರೆದಳು. ಗಿಡ್ಡಯ್ಯ ಧರ್ಮೇಶನಿಗೂ ಹೇಳಿಕಳಿಸಿದ್ದರು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕೈಯಲ್ಲೊಂದು ಸೇವಂತಿಗೆ ಕುಂಡ ಹಿಡಿದು ಬಂದ.

ಗೇಟಿನಲ್ಲಿ ಅವನನ್ನು ಕಂಡು ಮಂಜುಳಾಳ ಮುಖ ಅರಳಿದ್ದನ್ನು ಹಿರಿಯ ಸಹೋದ್ಯೋಗಿ ಸುವರ್ಣಮ್ಮ ನೋಡಿಬಿಟ್ಟರು.

"ಯಾರೇ ಅದು ಮಂಜುಳಾ?" ಅವರ ತುಟಿಯಲ್ಲಿ ನಗುವಿತ್ತು.

ಎಲ್ಲರೂ ತಿರುಗಿದರು. ಮಂಜುಳಾ ಬೆದರಿದಳು.

"ಅವರಾ... ಹುಲ್ಲು ಕತ್ತರಿಸೋಕೆ ಬರ್ತಾರೆ ಮೇಡಂ."

ಧರ್ಮೇಶನಿಗೆ ಕೇಳಿಸಿತು. ಅವನು ಕುಂಡವನ್ನು ಗಿಡ್ಡಯ್ಯನವರ ಕೈಗೆ ಕೊಟ್ಟ. "ಬೇರೆ ಕಡೆ ಕೆಲ್ಸ ಐತೆ ಯಜಮಾನ್ರೇ, ಬರ್ತೀನಿ" ಎಂದು ಹೊರಟೇ ಹೋದ.

ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದ್ದಕ್ಕೂ ಇಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಸಂಕ್ರಾಂತಿ ಕಳೆಯಿತು, ಶಿವರಾತ್ರಿಯೂ ಕಳೆಯಿತು. ಬಿಸಿಲೇರಿದಂತೆ ಹುಲ್ಲಿನಲ್ಲಿ ಅಲ್ಲಲ್ಲಿ ಕಂದು ಮಚ್ಚೆ ಬಿದ್ದವು. ಸಂಜೆ ನೀರು ಹಾಕುತ್ತಿದ್ದವಳ ಪಕ್ಕಕ್ಕೆ ಗಿಡ್ಡಯ್ಯ ಬಂದು ಕುಳಿತರು.

"ಒಂದ್ಸಲ ಬಂಗಲೇಲಿ ಮದುವೆ ಕಣವ್ವ. ನಂಗೂ ಲಗ್ನಪತ್ರಿಕೆ ಕೊಟ್ಟಿದ್ರು. ನಿಮ್ಮವ್ವ ಒಗೆದು ಇಸ್ತ್ರಿ ಮಾಡ್ಸಿದ ಅಂಗಿ ಹಾಕ್ಕೊಂಡು ಹೋಗಿ ನಿಂತ್ಕೊಂಡೆ. 'ಬಂದ್ಯಾ? ಕುರ್ಚಿ ಜೋಡ್ಸು' ಅಂದ್ರು. ಜೋಡ್ಸಿ ಬಂದ್ಬುಟ್ಟೆ."

"ಊಟ?"

"ಉಣ್ಣಲಿಲ್ಲ. ನಿಮ್ಮವ್ವಂಗೆ ಉಂಡೆ ಅಂದಿದ್ದೆ... ಇವತ್ತೇ ಹೇಳ್ತಿರೋದು."

ಅವರು ಮಗಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಆ ದಿನದ ಬಿಳಿ ಅಂಗಿ ಕಣ್ಣ ಮುಂದೆ ಬಂದು ಮಂಜುಳಾ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ರಜೆ ಹಾಕಿ ಹಾರನಹಳ್ಳಿ ಬಸ್ಸು ಹತ್ತಿದಳು. ನರ್ಸರಿಯ ನೆರಳು ಪರದೆಯ ಕೆಳಗೆ ಧರ್ಮೇಶ್ ಕವರುಗಳಿಗೆ ಮಣ್ಣು ತುಂಬುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಹುಲ್ಲು ಒಣಗ್ತಾ ಐತಾ ಮೇಡಂ? ಯಾರನ್ನಾದ್ರೂ ಕಳಿಸ್ತೀನಿ."

"ಹುಲ್ಲಿಗೋಸ್ಕರ ಬಂದಿಲ್ಲ. ಆವತ್ತು ನಾನು ಆಡಿದ ಮಾತು ತಪ್ಪು. ಅದನ್ನ ಹೇಳೋಕೆ ಬಂದೆ."

ಅವನು ಮಣ್ಣು ತುಂಬಿದ ಕವರೊಂದನ್ನು ಕೈಗೆತ್ತಿಕೊಂಡ.

"ಮಾತಲ್ಲಿ ಸುಳ್ಳಿರ್ಲಿಲ್ಲ. ಹುಲ್ಲು ಕತ್ತರಿಸೋದು ನನ್ನ ಕೆಲ್ಸ, ಅದಕ್ಕೆ ನಾಚಿಕೆ ಇಲ್ಲ. ಆದ್ರೆ... ಆವತ್ತು ನಾನು ಕೆಲಸಕ್ಕೆ ಬಂದಿರ್ಲಿಲ್ಲ. ಊಟಕ್ಕೆ ಬಂದಿದ್ದೆ."

ಮಂಜುಳಾ ತಲೆ ತಗ್ಗಿಸಲಿಲ್ಲ.

"ನಿಮ್ಮ ಹೆಸರು ಹೇಳೋಕೆ ಭಯ ಆಯ್ತು. ಹೇಳಿದ್ರೆ ನನ್ನ ದನಿಯಲ್ಲೇ ಅವ್ರಿಗೆಲ್ಲ ಗೊತ್ತಾಗ್ಬಿಡ್ತಿತ್ತು."

"ಏನು ಗೊತ್ತಾಗ್ತಿತ್ತು?"

"ನಿಮ್ಮನ್ನ ಇಷ್ಟಪಡ್ತೀನಿ ಅಂತ."

ಧರ್ಮೇಶನ ಕೈಯಲ್ಲಿದ್ದ ಕವರಿನಿಂದ ಮಣ್ಣು ಸುರಿಯುತ್ತಿತ್ತು. ಅವನಿಗೆ ಅದರ ಗಮನವೇ ಇರಲಿಲ್ಲ.

"ನಾನು ಓದಿರೋದು ಪಿಯುಸಿ ಮೇಡಂ. ನಿಮ್ದು ಸರ್ಕಾರಿ ಕೆಲ್ಸ. ಬಡಾವಣೆಯವ್ರು, ಕಚೇರಿಯವ್ರು ಏನೇನೋ ಅಂತಾರೆ. ಯೋಚನೆ ಮಾಡಿ ಹೇಳಿ."

"ನಿನ್ನೆ ಸುವರ್ಣಮ್ಮ ಮೇಡಂಗೆ ಫೋನ್ ಮಾಡಿ ನಿಮ್ಮ ಹೆಸರು ಹೇಳಿದೀನಿ. ಯೋಚನೆ ಮಾಡೋಕೆ ಇನ್ನೇನಿದೆ?"

ಅವನು ನಕ್ಕ. ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡ.

"ಸಂಕ್ರಾಂತೀಲಿ ಎಳ್ಳು ಕೊಡೋ ನೆಪ ಮಾಡ್ಕೊಂಡು ನಿಮ್ಮ ಬೀದಿ ತನಕ ಬಂದಿದ್ದೆ. ತಿರುವಿನಿಂದ್ಲೇ ವಾಪಸ್ ಹೋದೆ... ಮಂಜುಳಾ."

ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಮೊದಲ ಬಾರಿ ಕೇಳಿದಳು.

"ಅಪ್ಪಂಗೆ ಯಾರು ಹೇಳೋದು?" ಎಂದು ಮೆಲ್ಲಗೆ ಕೇಳಿದಳು.

ಧರ್ಮೇಶ್ ಪೈಪಿನ ನೀರಿನಲ್ಲಿ ಕೈ ತೊಳೆದು, ಬೈಕಿನ ಬೀಗದ ಕೈ ತೆಗೆದುಕೊಂಡ.

"ನಡೀರಿ. ಇಬ್ರೂ ಹೋಗಿ ಹೇಳೋಣ."