ಒಂದೂವರೆ ಇಂಚು

ನನ್ನ ಕತ್ತರಿ ತಪ್ಪಿದ್ದನ್ನು ಕಂಡವರು ಭೂಮಿಯ ಮೇಲಿಲ್ಲ. ಗಾಳಿಯನ್ನು ಹಿಡಿದು ತಂದರೆ ಅದಕ್ಕೂ ಕೋಟು ಹೊಲಿದು, ಗುಂಡಿ ಹಾಕಿ ಕಳಿಸುವ ಟೈಲರ್ ನಾನು. ಅಂಥವನ ಮೇಜಿನ ಮೇಲೆ ಅವಳು ನೀಲಿ ಜಾಕೆಟ್ಟನ್ನು ಧೊಪ್ಪನೆ ಹಾಕಿದಳು.

"ಅಳತೆ ತಪ್ಪಿದೆ, ಟೈಲರ್ ಸಾಹೇಬ್ರೇ. ಎದೆ ಹತ್ರ ಬಿಗಿ."

ಅವಳು ಬಂದರಿನಲ್ಲಿ ಕ್ರೇನ್ ನಡೆಸುವವಳು. ಹಡಗುಗಳನ್ನೇ ಕಿವಿ ಹಿಡಿದೆತ್ತಿ ಆಚೆ ಇಡುತ್ತಾಳೆ. ನಂಬದವರಿಗೇ ನಷ್ಟ.

ಹುಟ್ಟಿದಾಗ ಗಂಡು ಎಂದು ಬರೆಸಿದ್ದರು, ಅವಳು ಹೆಣ್ಣು. ಡಾಕ್ಟರ್ ಕೊಟ್ಟ ಹಾರ್ಮೋನ್ ಮಾತ್ರೆ ಶುರುವಾಗಿ ಒಂಬತ್ತು ತಿಂಗಳು. ನಾಲ್ಕು ತಿಂಗಳ ಹಿಂದೆ ಈ ಜಾಕೆಟ್ಟಿಗೆ ಅಳತೆ ಕೊಡಲು ಬಂದಾಗ ಇದನ್ನೆಲ್ಲ ತಲೆಯೆತ್ತಿ ಹೇಳಿದ್ದಳು. ನನ್ನ ಮನಸ್ಸು ಜಾರಿದ್ದು ಆಗಲೇ; ಜಾರಿ ಬಿದ್ದ ಸದ್ದಿಗೆ ಪಕ್ಕದ ಬೀದಿಯ ಗಾಜುಗಳು ಅದುರಿದವು. ಅವಳೊಬ್ಬಳಿಗೆ ಕೇಳಿಸಲಿಲ್ಲ.

"ನನ್ನ ಅಳತೆ ತಪ್ಪೋದುಂಟಾ? ಅಮ್ಮ, ಎಷ್ಟು ಅಂತ ಕೂಗಿದ್ದೆ?"

ಹೆಂಗಸರ ಅಳತೆಯನ್ನು ಪರದೆಯ ಹಿಂದೆ ಅಮ್ಮ ತೆಗೆದು ಕೂಗುತ್ತಾಳೆ. ನಾನು ಈಚೆ ನಿಂತು ಬರೆದುಕೊಳ್ಳುತ್ತೇನೆ.

"ಮೂವತ್ನಾಲ್ಕು," ಎಂದಳು ಅಮ್ಮ, ಗುಂಡಿ ಹೊಲಿಯುತ್ತಲೇ. "ಇನ್ನೊಂದೇನೋ ಬರ್ಕೊಂಡಿರ್ತೀಯ. ಇವಳು ಬಂದ್ರೆ ನಿನ್ನ ಕಿವಿ ಎಲ್ಲಿರುತ್ತೋ."

ಪುಸ್ತಕ ತೆರೆದೆ. ಮೂವತ್ನಾಲ್ಕೇ ಇತ್ತು.

"ಹೋಗ್ಲಿ ಬಿಡಿ," ಅವಳ ದನಿ ಕುಗ್ಗಿತು. "ಒಂಬತ್ತು ತಿಂಗಳಾಯ್ತು, ಕನ್ನಡೀಲಿ ಅದೇ ಎದೆ. ಇವತ್ತಿಂದ ಎರಡೆರಡು ಮಾತ್ರೆ ನುಂಗ್ತೀನಿ."

ನನ್ನ ಜಂಬವೆಲ್ಲ ಅಲ್ಲೇ ಇಳಿದುಹೋಯಿತು. "ಡಾಕ್ಟರ್ ಏನಂದ್ರು?"

"ಎರಡು ಮೂರು ವರ್ಷ ಹಿಡಿಯುತ್ತಂತೆ. ಡೋಸ್ ಜಾಸ್ತಿ ಮಾಡಿದ್ರೆ ಎದೆ ಬೇಗ ಬೆಳೆಯಲ್ಲ, ರಕ್ತ ಹೆಪ್ಪುಗಟ್ಟೋ ಅಪಾಯ ಬೆಳೆಯುತ್ತೆ ಅಂದ್ರು. ಎಷ್ಟು ಬೆಳೆಯುತ್ತೆ ಅಂತ ಕೇಳಿದ್ರೆ, ಒಬ್ಬೊಬ್ಬರಿಗೆ ಒಂದೊಂದು ಥರವಂತೆ. ಕಾದು ಕಾದು ಸಾಕಾಯ್ತು. ಸಾಲದ್ದಕ್ಕೆ ಕ್ರೇನಿನ ಸೀಟ್ ಬೆಲ್ಟ್ ಎದೆಗೆ ತಾಗಿದ್ರೆ ನೋವು ಬೇರೆ."

ಅಮ್ಮ ಸೂಜಿ ಕೆಳಗಿಟ್ಟಳು. "ನೋವಾ? ಬಾರೇ ಈ ಕಡೆ."

ಪರದೆ ಎಳೆದರು. ನಾನು ಪೆನ್ಸಿಲ್ ಹಿಡಿದು ಉಸಿರು ಬಿಡದೆ ನಿಂತೆ, ಸುಮಾರು ಒಂದು ವರ್ಷ.

"ಮೂವತ್ತೈದೂವರೆ," ಅಮ್ಮ ಕೂಗಿದಳು. "ಸೊಂಟ ಹೋದ ಸಲದ್ದೇ. ನನಗೂ ಹನ್ನೆರಡು ವರ್ಷಕ್ಕೆ ಎದೆ ಬೆಳೆಯುವಾಗ ಹೀಗೇ ನೋಯ್ತಿತ್ತು ಕಣೇ, ಫ್ರಾಕ್ ತಾಗಿದ್ರೆ ಸಾಕು."

ಪರದೆ ಸರಿಸಿ ಅವಳು ಬಂದಾಗ ಅಂಗಡಿಯ ಸೂರೇ ನಾಲ್ಕಡಿ ಮೇಲೆ ಸರಿದಿರಬೇಕು. ಇಲ್ಲದಿದ್ದರೆ ಎತ್ತಿದ ಆ ತಲೆಗೆ ತಾಗುತ್ತಿತ್ತು.

"ಒಂದೂವರೆ ಇಂಚು," ಎಂದಳು. "ಒಂದೊಂದೇ ಮಾತ್ರೇಲಿ."

"ಹಾಗಾದ್ರೆ ಎರಡೆರಡು ಮಾತ್ರೆ..." ಎಂದೆ.

"ಬೇಡ. ಡಾಕ್ಟರ್ ಹೇಳಿದಷ್ಟೇ." ಓರೆಗಣ್ಣಲ್ಲಿ ನೋಡಿದಳು. "ಹೊಸದು ಹೊಲೀರಿ. ಅದೂ ಬಿಗಿಯಾಗುತ್ತೆ, ಈಗ್ಲೇ ಹೇಳಿರ್ತೀನಿ."

"ಬಿಗಿಯಾದ್ರೆ ಬಿಚ್ಚಿ ಹೊಲೀತೀನಿ."

"ಎರಡು ಮೂರು ವರ್ಷವೂ?"

ಮಾತಿನಲ್ಲೇ ಅರಮನೆ ಕಟ್ಟುವ ನಾನು ಅಳತೆ ಟೇಪನ್ನು ಬೆರಳಿಗೆ ಸುತ್ತತೊಡಗಿದೆ.

"ಆಮೇಲೂ ಅನ್ನೋ, ದಡ್ಡ," ಎಂದಳು ಅಮ್ಮ ಪರದೆಯ ಹಿಂದಿನಿಂದ.

"ಆಮೇಲೂ," ಎಂದೆ. "ಕೂದಲು ನರೆತ ಮೇಲೂ. ನೀವು ಒಪ್ಪಿದ್ರೆ."

ಅವಳು ಅದೇ ಜಾಕೆಟ್ ತೊಟ್ಟಳು. ಎದೆಯ ಗುಂಡಿ ಸೇರಲಿಲ್ಲ, ಸೇರಿಸಲೂ ಹೋಗಲಿಲ್ಲ. "ಇವತ್ತು ಇದನ್ನೇ ಹಾಕ್ಕೊಂಡು ಊರೆಲ್ಲ ಸುತ್ತಬೇಕು. ನಡೀರಿ," ಎಂದು ನನ್ನ ತೋಳಿಗೆ ತೋಳು ಸೇರಿಸಿದಳು.

ದಾರಿಯಲ್ಲಿ ಸಿಕ್ಕ ಒಬ್ಬರನ್ನೂ ಬಿಡದೆ ನಿಲ್ಲಿಸಿ ಹೇಳಿದೆ: "ನೋಡಿ, ನಾನೇ ಹೊಲಿದದ್ದು. ಇವರಿಗೆ ಸಾಲೋದೇ ಇಲ್ಲ."