ಐದು ಕೈಯ ಮಂಕರಿ

ಜೇನುಮಾಳದ ಕಾಡಂಚಿನಲ್ಲಿ, ಮಳೆ ಬಿದ್ದ ಮೂರನೆಯ ದಿನ, ಹೆಂಗಸೊಬ್ಬಳು ಅಣಬೆಯ ಕೊಡೆಯಿಂದ ಉಗುರಿನಷ್ಟು ಚಿವುಟಿ, ವಿಷ ಪತ್ತೆಹಚ್ಚುವ ‘ಮೂಗುಕಡ್ಡಿ’ಯ ತುದಿಗೆ ಒತ್ತಿದಳು. ಕಡ್ಡಿ ಬಿಳಿಯಾಗಿಯೇ ಉಳಿಯಿತು. ಇನ್ನೊಂದು ಅಣಬೆಗೆ ಇನ್ನೊಂದು ಕಡ್ಡಿ. ಅದು ಕುಂಕುಮದಂತೆ ಕೆಂಪಾಯಿತು. ಆ ಅಣಬೆಯನ್ನು ಪೊದೆಗೆ ಎಸೆದು, ಯಾರನ್ನೂ ಏನನ್ನೂ ಕೇಳದೆ ಮನೆಗೆ ನಡೆದಳು.

ದೂರದಲ್ಲಿ ನಿಂತಿದ್ದ ಡಾ. ಇಂಚರಾ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. ಕಡ್ಡಿ ಅವಳದೇ ಸೃಷ್ಟಿ. ಬಿಳಿಮುಸುಕೆಂಬ ಅಣಬೆಯ ವಿಷ ರುಚಿ ಕೆಡಿಸದು, ಎಷ್ಟು ಬೇಯಿಸಿದರೂ ಸಾಯದು. ಮಧ್ಯಾಹ್ನ ಉಂಡವರಿಗೆ ರಾತ್ರಿ ಹೊಟ್ಟೆ ತೊಳಸುತ್ತದೆ. ಒಂದೆರಡು ದಿನ ಕಳೆದರೆ ಹುಷಾರಾದೆವೆಂದು ನೆಂಟರಿಗೆ ಹೇಳಿಯೂ ಕಳಿಸುತ್ತಾರೆ. ಅಷ್ಟರಲ್ಲಿ ಯಕೃತ್ತು ಒಳಗೊಳಗೇ ಸದ್ದಿಲ್ಲದೆ ಹಾಳಾಗುತ್ತಿರುತ್ತದೆ. ಆ ವಿಷದ ಅಣುವೊಂದೇ ಬಂದು ಕೂರುವಂತೆ, ಕೀಲಿಗೆ ತಕ್ಕ ಬೀಗದ ಹಾಗೆ ಹೆಣೆದ ಪ್ರೋಟೀನು ಕಡ್ಡಿಯ ತುದಿಯಲ್ಲಿತ್ತು. ಹನ್ನೊಂದು ವರ್ಷಗಳಿಂದ ಈ ಬೆಟ್ಟದಲ್ಲಿ ಅಣಬೆಯಿಂದ ಒಂದು ಸಾವೂ ಇಲ್ಲ. ಸರಕಾರ ಅವಳಿಗೆ ಎರಡು ಸಲ ಶಾಲು ಹೊದಿಸಿತ್ತು. ಎರಡೂ ಒಂದೇ ಬಣ್ಣದವು.

ಒಂದು ಮನೆಯದು ಮಾತ್ರ ಒಗಟಾಗಿತ್ತು. ಎಂಬತ್ತರ ಕೇತಮ್ಮ ಈವರೆಗೆ ಒಂದು ಕಡ್ಡಿಯನ್ನೂ ಪಡೆದಿರಲಿಲ್ಲ.

“ಅಣಬೆ ತಿನ್ನೋದು ಬಿಟ್ರಾ ಅವ್ವ?” ಇಂಚರಾ ಅವಳ ಮನೆಗೇ ಹೋಗಿ ಕೇಳಿದಳು.

“ನಾನೆಲ್ಲಿ ಬುಟ್ಟೆ? ಅದೇ ನನ್ನ ಬುಟ್ಟೋಯ್ತು.” ಕೇತಮ್ಮ ಜಗಲಿಯಲ್ಲಿ ಕಾಲು ನೀಡಿ ಕೂತಿದ್ದಳು. “ಐದು ಕೈ ಆಗ್ಬೇಕಲ್ಲ.”

ಹಿಂದೆ ಇಲ್ಲಿ ಅಣಬೆಯ ಮಂಕರಿ ಐದು ಹೆಂಗಸರ ಕೈ ದಾಟದೆ ಒಲೆಗೆ ಹೋಗುತ್ತಿರಲಿಲ್ಲ. ಐವರಲ್ಲಿ ಒಬ್ಬಳು ಮೂಗು ಮುರಿದರೂ ಇಡೀ ಮಂಕರಿ ಮಣ್ಣಿಗೆ. ಅಣಬೆ ನೋಡುವುದಕ್ಕೆ ಹಿಡಿಯುತ್ತಿದ್ದುದು ಕಾಲು ಗಂಟೆ. ಸೊಸೆಯರ ವಿಚಾರಕ್ಕೆ ಮಿಕ್ಕ ಮಧ್ಯಾಹ್ನವೆಲ್ಲ. ಕೇತಮ್ಮನ ಜತೆಯ ನಾಲ್ವರಲ್ಲಿ ಮೂವರು ತೀರಿಕೊಂಡಿದ್ದರು. ನಾಲ್ಕನೆಯವಳು ಕಡ್ಡಿ ಹಿಡಿದಿದ್ದಳು.

“ನಿಮಗೂ ಕಡ್ಡಿ ಕೊಡ್ತೀನಿ.”

“ಕಡ್ಡಿ ಜತೆ ಏನ್ ಮಾತಾಡನ ಡಾಕ್ಟ್ರಮ್ಮ? ಸಾಯೋಕ್ ಮುಂಚೆ ಒಂದ್ಸಲ ಸಾರು ಉಣ್ಬೇಕು ಅಂತದೆ ಜೀವ. ಒಬ್ಳೇ ಅಲ್ಲ, ಐದು ಜನ ಕೂತು.”

“ಹಾಗಾದ್ರೆ ಒಂದು ಕೈ ನಂದು.”

ಕೇತಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಂಕರಿ ಹಿಡಿದು ಹಿತ್ತಲ ಹುತ್ತದ ಕಡೆ ಹೋದವಳು ಅರ್ಧ ಗಂಟೆಗೆ ಬಂದು ಅದನ್ನು ಮುಂದಿಟ್ಟಳು. “ನೋಡ್ಕೊಡಿ.”

ಎಂಟು ಅಣಬೆ. ಏಳಕ್ಕೆ ಹುತ್ತದಾಳದಿಂದ ಬಂದ ಉದ್ದನೆಯ ಬಾಲ. ಎಂಟನೆಯದರ ಕಾಂಡವನ್ನು ನೀಟಾಗಿ ಕತ್ತರಿಸಲಾಗಿತ್ತು. ಇಂಚರಾ ಕಲಿತದ್ದೆಲ್ಲ ವಿಷದ ಅಣುಗಳನ್ನು. ಇಡಿಯ ಅಣಬೆಯನ್ನು ಕೈಯಲ್ಲಿ ಹಿಡಿದದ್ದು ಕಡಿಮೆ. ಆದರೂ ಒಂದೊಂದನ್ನೇ ಮೂಸಿ, ತಿರುಗಿಸಿ, ತಜ್ಞರ ಗಾಂಭೀರ್ಯದಿಂದ ಹೇಳಿದಳು: “ಎಲ್ಲ ಚೆನ್ನಾಗಿವೆ.”

ಕೇತಮ್ಮ ಸೆರಗಿನ ಗಂಟು ಬಿಚ್ಚಿ ಆ ಎಂಟನೆಯದರ ಬುಡವನ್ನು ತೆಗೆದಿಟ್ಟಳು. ಅದರ ಸುತ್ತ ಒಡೆದ ಮೊಟ್ಟೆಯ ಸಿಪ್ಪೆಯಂಥ ಬಿಳಿಯ ಚೀಲ. ಬಿಳಿಮುಸುಕಿನ ಗುರುತು ಅದೇ. ಚಾಕುವಿನಿಂದ ಕೊಯ್ದರೆ ಮಣ್ಣಿನಲ್ಲೇ ಉಳಿದುಬಿಡುತ್ತದೆ. ಹೊಸ ಕೈಯನ್ನು ಸೇರಿಸಿಕೊಳ್ಳುವ ಮುಂಚೆ ಹೀಗೆ ಒಂದನ್ನು ಬೆರೆಸಿಡುವುದು ಐವರ ಪದ್ಧತಿ.

“ಬುಡ ಎಲ್ಲವ್ವ ಅಂತ ನೀವು ಕೇಳ್ನಿಲ್ಲ.”

ಇಂಚರಾಳ ಕಿವಿ ಬಿಸಿಯಾಯಿತು. “ಕಡ್ಡಿ ಒತ್ತಿದ್ರೆ ಗೊತ್ತಾಗ್ತಿತ್ತು.”

“ಕಡ್ಡಿಗೆ ಗೊತ್ತಾಗ್ತಿತ್ತು.”

ಕೇತಮ್ಮ ಮಂಕರಿಯನ್ನು ಹಿತ್ತಲಿಗೆ ಒಯ್ದು ಅಷ್ಟನ್ನೂ ಗುಂಡಿಗೆ ಸುರಿದು ಮಣ್ಣೆಳೆದಳು. ಹನ್ನೊಂದು ವರ್ಷದ ಮೇಲೆ ಕೈಗೆ ಬಂದ ಏಳು ಒಳ್ಳೆಯ ಅಣಬೆಗಳನ್ನು ಹೂಳುವಾಗ ಅವಳ ಕೈ ಸ್ವಲ್ಪ ನಿಧಾನವಾಯಿತು.

“ಬರೋ ಮಳೆಗೆ ಕಲ್ತು ಬರ್ತೀನಿ” ಎಂದಳು ಇಂಚರಾ.

“ಬನ್ನಿ. ಬರುವಾಗ ಇನ್ನೂ ಮೂರು ಜನನ ಕರ್ಕ ಬನ್ನಿ. ನೀವು ಕೇಳುದ್ರೆ ನಿಂತು ನೋಡೋರು. ನಿಮ್ಮೂರಲ್ಲಿ ಜನ ಬಾಳ ಅಂತಲ್ಲ.”

ಬಸ್ಸು ಬೆಟ್ಟ ಇಳಿಯತೊಡಗಿತು. ಎದುರಿಗೆ ಎರಡು ಕೋಟಿ ಜನರ ನಗರ. ತನ್ನ ಕೈಗೆ ಬಂದದ್ದನ್ನು ‘ಸ್ವಲ್ಪ ನೋಡಿಕೊಡಿ’ ಎಂದು ಸಂಕೋಚವಿಲ್ಲದೆ ಯಾರ ಮುಂದೆ ಇಡಬಹುದೆಂದು ಇಂಚರಾ ಬೆರಳು ಮಡಚಿ ಎಣಿಸಲು ಕೂತಳು. ಮೂರೇ ಹೆಸರು ಬೇಕಿತ್ತು. ಮೊದಲ ಹೆಸರಿಗೆ ಕಿರುಬೆರಳು ಮಡಚಿಕೊಂಡಿತು. ಉಂಗುರದ ಬೆರಳು ಎತ್ತಿದ್ದು ಎತ್ತಿದಂತೆಯೇ ಇತ್ತು, ಕೊನೆಯ ನಿಲ್ದಾಣ ಬರುವವರೆಗೂ.