'ಪುಟ್ ಅಪ್ ವಿತ್' ಅಂದ್ರ ಏನ್ರಿ?

"'ಪುಟ್ ಅಪ್ ವಿತ್'... ಇದನ್ನ ಹಾಕಿ ಒಂದು ವಾಕ್ಯ ಹೇಳು, ನೋಡೋಣು!"

ಹೆಣ್ಣು ನೋಡಲು ಬಂದ ವರನ ಅಕ್ಕ ಸಾವಿತ್ರಿಬಾಯಿ ಹಾಗೆ ಕೇಳಿದಾಗ ಬಸವಣ್ಣೆವ್ವ ಚಹಾ ತಟ್ಟೆಯನ್ನು ಕೆಳಗಿಟ್ಟಳು. ಪುಟ್ ಗೊತ್ತು, ಅಪ್ ಗೊತ್ತು, ವಿತ್ ಕೂಡ ಗೊತ್ತು. ಮೂರೂ ಸೇರಿದರೆ...? ಅವಳು ಬಿ.ಎ. ಮಾಡಿದ್ದು ಕನ್ನಡದಲ್ಲಿ.

"ಬಿ.ಎ. ಅಂತ! ಹೋಗ್ಲಿ, ಮೈಬಣ್ಣರೆ ಬೆಳ್ಳಗ ಅದ ಏನು? ಅದೂ ಇಲ್ಲ!"

ಎಲ್ಲರೂ ನಕ್ಕರು. ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿದ್ದ ವರ ಶಿವಪುತ್ರಪ್ಪನೂ ನಕ್ಕ! ಹೊಸ್ತಿಲು ದಾಟುವಾಗಲೇ ಅವಳ ಎದೆಗಿಳಿದಿದ್ದ ಅದೇ ಮುಖ...

"ಇನ್ನೊಂದೀಟು ಉಪ್ಪಿಟ್ಟು ತಗೋರಿ," ಎನ್ನುತ್ತಿದ್ದ ಅಪ್ಪ ಕಾಶಪ್ಪ ತಲೆ ಎತ್ತಲೇ ಇಲ್ಲ.

ಮರುದಿನ 'ಬ್ಯಾಡ' ಎಂಬ ಸುದ್ದಿ ಬಂತು. ಅಪ್ಪ ಹಾಸಿಗೆ ಹಿಡಿದ. ಅದು ಎಪ್ಪತ್ತೆಂಟರ ಬೇಸಿಗೆ.

ಬಸವಣ್ಣೆವ್ವ ಸದಾಶಿವ ಪೇಟೆಯ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಸೇರಿದಳು. ಆ ಮಾತಿನ ಅರ್ಥವನ್ನೇ ಮೊದಲು ಕೇಳಿದಳು. ಸಹಿಸಿಕೊಳ್ಳುವುದು! ಬಿಸಿಲನ್ನು, ಗದ್ದಲವನ್ನು, ಒರಟು ನೆಂಟರನ್ನು. ಇಷ್ಟವಾದದ್ದಕ್ಕೆ ಅದನ್ನು ಬಳಸುವುದಿಲ್ಲವಂತೆ.

ಮಳೆಗಾಲ ಮುಗಿಯುವಾಗ ಹಿಂದಿನ ಬೆಂಚಿಗೆ ಹೊಸ ವಿದ್ಯಾರ್ಥಿಯೊಬ್ಬ ಬಂದ. ಶಿವಪುತ್ರಪ್ಪ!

ಉತ್ತರ ಕೊಟ್ಟವರೇ ಮುಂದಿನವರನ್ನು ಪ್ರಶ್ನಿಸಬೇಕು, ಅದು ಆ ಕ್ಲಾಸಿನ ಪದ್ಧತಿ. ತನ್ನ ಸರದಿ ಬಂದಾಗ ಅವಳು ನೇರ ಅವನತ್ತ ತಿರುಗಿದಳು.

"ಪುಟ್ ಅಪ್ ವಿತ್. ವಾಕ್ಯ ಹೇಳ್ರಿ."

"ಐ... ಐ ಪುಟ್ ಅಪ್ ವಿತ್... ಮೈ ಶರ್ಟ್..."

"ವಾ ರೇ ಸಾಹೇಬ, ಅಂಗಿ ಸಹಿಸ್ಕೋತಾನಂತ!" ಯಾರೋ ಕೂಗಿದರು. ಕ್ಲಾಸು ಬಿದ್ದು ಬಿದ್ದು ನಕ್ಕಿತು.

"ಬ್ಯಾಂಕಿನ ಕ್ಲಾರ್ಕ್ ಅಂತ! ನಿಂತೇ ಇರ್ರಿ, ಎಲ್ಲಾರೂ ನೋಡ್ಲಿ!" ಎಂದಳು ಬಸವಣ್ಣೆವ್ವ.

ಅವನ ಕಿವಿಗಳು ಕೆಂಪಾದವು. ಅವಳಿಗೆ ಹಾಯೆನಿಸಿತು... ಭಾಳ ಹಾಯೆನಿಸಿತು!

ಕ್ಲಾಸು ಬಿಟ್ಟಾಗ ಅವನು ಮೆಟ್ಟಿಲ ಬಳಿ ಕಾದಿದ್ದ.

"ಆವತ್ತು ನನಗೂ ಗೊತ್ತಿರ್ಲಿಲ್ಲರಿ. ಅಕ್ಕ ನನ್ನ ಕೇಳ್ಯಾಳು ಅಂತ ಹೆದರಿ ನಕ್ಕೆ."

"ನಿಮ್ಮ ಹೆದರಿಕಿಗೆ ನಮ್ಮಪ್ಪ ಹಾಸಿಗಿ ಹಿಡಿದ್ರು! ಬ್ಯಾಡ ಅಂದವ್ರು ಯಾರು?"

"ಅಕ್ಕ. ನಾ... ಸುಮ್ಮನಿದ್ದೆ."

"ಅಂದ್ರ ನೀವೂ ಅಂದಂಗ."

"ಹೌದ್ರಿ." ಅವನು ತಲೆ ತಗ್ಗಿಸಿದ. "ಈಗ ಹೇಳೀನಿ, ಲಗ್ನ ಆದ್ರ ನಿಮ್ಮನ್ನ ಅಂತ. ಮನಿ ಬಿಡು ಅಂದ್ಲು. ಬಿಟ್ಟೆ. ಊರ ಹೊರಗ ಕಾತ್ರಜದಾಗ ಖೋಲಿ ಹಿಡದೀನಿ. ನೀವು ಇಲ್ಲಿ ಬರ್ತೀರಂತ ಗೊತ್ತಾಗೇ ಹೆಸರು ಹಚ್ಚಿದೆ."

"ಎಲ್ಲಾರ ಮುಂದ ನಾ ನಿಮ್ಮ ಮಾನ ಕಳೀತೀನಿ ಅಂತ ಗೊತ್ತಿತ್ತೇನು?"

"ಗೊತ್ತಿತ್ತು. ಕಳೀಲಿ ಅಂತನ ಬಂದೆ."

ಅವಳ ಸಿಟ್ಟು ಇಳಿಯಿತು. ಆದರೂ ಬಿಡಲಿಲ್ಲ.

"ನಾಳೆ ಬಂದು ನಮ್ಮಪ್ಪನ ಕಾಲು ಹಿಡೀಬೇಕು. ಒಬ್ರೇ."

"ಬರ್ತೀನಿ."

"ಹೆದರಿಕಿ ಹೋತೇನು?"

"ಇನ್ನೂ ಅದ್ರಿ."

"ಅಕ್ಕಂದೇ?"

"ಅಲ್ಲ... ನಿಮ್ಮದು."

ಬಸವಣ್ಣೆವ್ವ ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ಅದು ಇರ್ಲಿ ಬಿಡ್ರಿ!"